ಅಂದಿನವರು ಮೇಲೋ, ಇಂದಿನವರೋ?

ನಾಲ್ಕು ಮಂದಿ ಕ್ರಿಕೆಟ್ ಪ್ರಿಯರು ಸೇರಿದಲ್ಲಿ ಬ್ರಾಡ್ಮನ್ ಹೆಚ್ಚೋ ತೆಂಡೂಲ್ಕರ್ ಹೆಚ್ಚೋ, ಪ್ರಸನ್ನ ಮೇಲೋ ಕುಂಬ್ಳೆ ಮೇಲೋ ಎಂಬ ಜಿಜ್ಞಾಸೆ ಏಳದೆ ಇರದು. ಚಹಾ ಆರಿದರೂ ವಾದ ಆರುವುದಿಲ್ಲ. ಬರಿಯ ಹರಟೆಯೆಂದು ನಾವಿದನ್ನು ತಳ್ಳಿಹಾಕುವುದುಂಟು. ಆದರೆ ಒಬ್ಬನ ಯೋಗ್ಯತೆಯನ್ನು ಅವನಿಗೆ ದೊರೆತ ಅವಕಾಶದಿಂದ ಬೇರ್ಪಡಿಸಿ ನೋಡಲು ಸಾಧ್ಯವೆ ಎಂಬ ಗಂಭೀರ ಪ್ರಶ್ನೆಯೂ ಈ ಹರಟೆಯೊಳಗಿದೆ.

ಹಿರಿಯರ ವಾದ ಗೊತ್ತಿರುವುದೇ. ಆಗ ಎಷ್ಟೋ ಕಡೆ ಮಳೆಗೆ ಪಿಚ್ಚು ನೆನೆಯುತ್ತಿತ್ತು, ಒಣಗುವಾಗ ಚೆಂಡು ಮನಬಂದಂತೆ ಏಳುತ್ತಿತ್ತು, ತಲೆಗೆ ಹೆಲ್ಮೆಟ್ಟಿರಲಿಲ್ಲ. 1962ರಲ್ಲಿ ಬಾರ್ಬಡೋಸ್‌ನಲ್ಲಿ ಗ್ರಿಫಿತ್‌ರ ಚೆಂಡು ನಾರಿ ಕಂಟ್ರಾಕ್ಟರ್‌ರ ತಲೆಗೆ ಬಡಿದಾಗ ಅವರ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಆಮೇಲೆ ಅವರು ಟೆಸ್ಟ್ ಆಡಲೇ ಇಲ್ಲ. ಕಿರಿಯರದೂ ಸುಳ್ಳಲ್ಲ. ಇಂದಿನ ಫೀಲ್ಡಿಂಗಿನ ಚುರುಕು ಅಂದು ಎಲ್ಲಿತ್ತು? ದಾಂಡಿಗನ ಒಂದೊಂದು ದೌರ್ಬಲ್ಯವನ್ನೂ ಚಿತ್ರ ತೆಗೆದು ಅಭ್ಯಾಸ ಮಾಡುವ ಎದುರಾಳಿ ಅಂದು ಇದ್ದನೆ? ನಮಗನಿಸುವಂತೆ ಹಿರಿಯರು ಅರ್ಧ ಹೊಗಳುವುದು ತಮ್ಮ ಯೌವನವನ್ನು, ಕಿರಿಯರು ತಾವು ನೋಡದ್ದನ್ನು ನಂಬುವುದಿಲ್ಲ, ಅಷ್ಟೆ.

'ಬ್ರಾಡ್ಮನ್ ಇಂದು ಆಡಿದ್ದರೆ' ಎಂಬ ಮಾತಂತೂ ನಮಗೆ ಅರ್ಥವೇ ಆಗುವುದಿಲ್ಲ. ಯಾವ ಬ್ರಾಡ್ಮನ್? 1930ರಿಂದ ನೇರವಾಗಿ ಎತ್ತಿ ತಂದವರಾದರೆ, ಓದದ ಪಾಠಕ್ಕೆ ಪರೀಕ್ಷೆ ಬರೆಸಿದಂತೆ. ಇಂದಿನ ಬ್ಯಾಟು, ತಾಲೀಮುಗಳಲ್ಲಿ ಬೆಳೆದವರಾದರೆ, ಅವರು ಆ ಬ್ರಾಡ್ಮನ್ನರೇ ಅಲ್ಲ.

ಇದಕ್ಕಿಂತ ನ್ಯಾಯವಾದ ಅಳತೆ, ಆಟಗಾರನನ್ನು ಅವನ ಸಮಕಾಲೀನರ ಜೊತೆಗೇ ನಿಲ್ಲಿಸಿ ನೋಡುವುದು. ಅವರೆಲ್ಲ ಅದೇ ಮಳೆಯಲ್ಲಿ ನೆಂದವರು. ಬ್ರಾಡ್ಮನ್ನರ ಟೆಸ್ಟ್ ಸರಾಸರಿ 99.94, ಅವರ ಕಾಲದ ದಿಗ್ಗಜರಾದ ಹೆಡ್ಲಿಯವರದು 60.83, ಹ್ಯಾಮಂಡರದು 58.45. ಈ ಅಂತರಕ್ಕೆ ಪಿಚ್ಚಿನ ನೆಪ ಹೇಳಲಾಗದು. ಆದರೂ ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತಾಗ ಭಾರತದ ಒಟ್ಟು ಮೊತ್ತ 190. ಅದರಲ್ಲಿ ನಮ್ಮ ವಿಶ್ವನಾಥ್‌ರದೇ ಅಜೇಯ 97. ಶತಕಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ!

ನಮ್ಮ ಸ್ಪಿನ್ನರುಗಳನ್ನೇ ನೋಡೋಣ. ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್, ಚಂದ್ರಶೇಖರ್ 58ರಲ್ಲಿ 242, ಕುಂಬ್ಳೆ 132ರಲ್ಲಿ 619. ಮೊತ್ತ ನೋಡಿದರೆ ವಾದವೇ ಇಲ್ಲ. ಆದರೆ ಒಂದು ವಿಕೆಟ್ಟಿಗೆ ತೆತ್ತ ರನ್ನು ನೋಡಿ: ಕುಂಬ್ಳೆ 29.65, ಚಂದ್ರ 29.74, ಪ್ರಸನ್ನ 30.38. ಕೂದಲೆಳೆಯ ಅಂತರ. ಪ್ರಸನ್ನರಂತೂ 1962ರಲ್ಲಿ ಟೆಸ್ಟ್‌ಗೆ ಕಾಲಿಟ್ಟು, ಇಂಜಿನಿಯರಿಂಗ್ ಓದಿಗಾಗಿ ಸುಮಾರು ಐದು ವರ್ಷ ದೂರ ಉಳಿದವರು. ಆಟದಿಂದ ಹೊಟ್ಟೆ ತುಂಬದ ಕಾಲ ಅದು. ಕುಂಬ್ಳೆಯವರೂ ಇಂಜಿನಿಯರೇ, ಆದರೆ ಅವರು ಆಡಿದ ಕಾಲ ಬೇರೆ.

ಇವರಿಗಾದರೂ ಅಂಕಿಗಳಿವೆ. ಬಾಲೂ ಪಾಲ್ವಣಕರರನ್ನು ಯಾವ ತಕ್ಕಡಿಗೆ ಹಾಕೋಣ? 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ, ದಲಿತ ಕುಟುಂಬದ ಈ ಎಡಗೈ ಸ್ಪಿನ್ನರು ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನದ ಕೆಲಸ ಮಾಡುತ್ತ ಅವರಿಗೆ ಚೆಂಡೆಸೆದು ಪಳಗಿದವರು. ಹಿಂದೂ ತಂಡಕ್ಕೆ ಇವರ ಬೌಲಿಂಗ್ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ ಐವತ್ತಾರರ ಆಸುಪಾಸು. 'ಸಾರ್ವಕಾಲಿಕ ಶ್ರೇಷ್ಠ ಹನ್ನೊಂದು ಮಂದಿ' ಎಂದು ಪಟ್ಟಿ ಕಟ್ಟುವಾಗ ನಾವು ಟೆಸ್ಟ್ ಅಂಕಿಗಳನ್ನಷ್ಟೇ ತಿರುವುತ್ತೇವೆ. ಅವಕಾಶ ಸಿಗದವನೂ ಸಾಮರ್ಥ್ಯವಿಲ್ಲದವನೂ ಅಲ್ಲಿ ಒಂದೇ ಸಾಲಿಗೆ ಬೀಳುತ್ತಾರೆ. ಈ ಅನ್ಯಾಯದಲ್ಲಿ ಅಂದಿನ ಆಯ್ಕೆದಾರರ ಜೊತೆ ನಮಗೂ ಪಾಲಿದೆ ಎಂದೇ ನಮ್ಮ ಅನಿಸಿಕೆ.

ಬಾಲೂಗೆ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ತಮ್ಮ ವಿಠ್ಠಲನಿಗೆ. ಆ ತಂಡದ ನಾಯಕರ ಪಟ್ಟಿ ಹಿಡಿದು ಕೌಶಲವನ್ನು ಅಳೆಯಹೊರಟವರಿಗೆ ಅಣ್ಣನ ಹೆಸರೇ ಕಾಣಸಿಗದು.