ಕರೆಸಿಕೊಳ್ಳುವ ಮುನ್ನ ಕೇಳಿ

ಅಮೆರಿಕದ ಪೌರತ್ವ ಪಡೆದು 21 ವರ್ಷ ತುಂಬಿದ ಮಗನೋ ಮಗಳೋ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳಿ ಅರ್ಜಿ ಹಾಕಬಹುದು. ಒಡಹುಟ್ಟಿದವರನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಸರದಿ ಕಾಯಬೇಕು. ಹೆತ್ತವರ ವಿಷಯದಲ್ಲಿ ಅಂಥ ವಾರ್ಷಿಕ ಮಿತಿಯಿಲ್ಲ. ಹೀಗಾಗಿ ಪೌರತ್ವ ಸಿಕ್ಕ ಕೂಡಲೇ ಹಲವರು ಮಾಡುವ ಮೊದಲ ಕೆಲಸ ಐ-130 ನಮೂನೆ ತುಂಬುವುದು. ಅದರ ಹಿಂದಿರುವುದು ನಿಜವಾದ ಪ್ರೀತಿ, ಅದರಲ್ಲಿ ನನಗೆ ಸಂಶಯವಿಲ್ಲ.

ಕಷ್ಟವೆಲ್ಲ ಕಾಗದಪತ್ರಗಳಲ್ಲಿ. ಇವಳೇ ನನ್ನ ತಾಯಿ ಎನ್ನಲು ಮಗನ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ಅವಳ ಹೆಸರಿರಬೇಕು. ತಂದೆಗಾದರೆ ಮದುವೆಯ ದಾಖಲೆಯೂ ಬೇಕು. ಮುಂದಿನ ಹಂತದಲ್ಲಿ ಅವರವರ ಜನನ ಪತ್ರವನ್ನೂ ಕೇಳುತ್ತಾರೆ. ನಮ್ಮ ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಜನರಿಗೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಹುಟ್ಟಿದ ದಿನ. ಮದುವೆಗೆ ಉಳಿದಿರುವುದು ಲಗ್ನಪತ್ರಿಕೆ, ಒಂದೆರಡು ಫೋಟೊ. ಅಮ್ಮ ಒಂದು ಕಡೆ ಜಯಮ್ಮ, ಇನ್ನೊಂದು ಕಡೆ ಜಯಲಕ್ಷ್ಮಿ. ಆಗ ಜನನದ ದಾಖಲೆ ಲಭ್ಯವಿಲ್ಲ ಎಂಬ ಪತ್ರ, ವಯಸ್ಸಾದ ಬಂಧುಗಳ ಅಫಿಡವಿಟ್ಟು, ಹೊಸದಾಗಿ ಮದುವೆ ನೋಂದಣಿ ಎಂದು ಅಲೆದಾಟ ಶುರು. ಅದು ಮುಗಿದ ಮೇಲೆ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಮುಂಬೈಯಲ್ಲಿ ಸಂದರ್ಶನ. ಎಪ್ಪತ್ತು ದಾಟಿದ ಅಪ್ಪನಿಗೆ ಫೋನಿನಲ್ಲಿ ಪಟ್ಟಿ ಓದಿ ಹೇಳಿ ಸುಮ್ಮನಾಗಬೇಡಿ. ರಜೆಗೆ ಊರಿಗೆ ಬಂದಾಗ ನೀವೇ ಆ ಕಚೇರಿಯ ಬಾಗಿಲಲ್ಲಿ ನಿಲ್ಲಿ.

ಇಷ್ಟೆಲ್ಲ ಕೇಳುವ ಕಾನೂನು, ಮಗ ಬಡತನ ರೇಖೆಯ ಶೇ. 125ರಷ್ಟಾದರೂ ಗಳಿಸುತ್ತಾನೆಯೇ ಎಂದೂ ನೋಡುತ್ತದೆ. ಅಲ್ಲಿಗೆ ಬಂದು ಇರಲು ನಿನಗೆ ಮನಸ್ಸಿದೆಯೇನಮ್ಮ ಎಂದು ಕೇಳುವುದು ಮಾತ್ರ ಕಾನೂನಿನ ಕೆಲಸವಲ್ಲ, ಮಕ್ಕಳದ್ದು. ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಬರುವುದು ಅರ್ಜಿ ಹೋದ ಮೇಲೆ. ಅಷ್ಟು ಹೊತ್ತಿಗೆ ಮಗ ಖರ್ಚು ಮಾಡಿದ್ದಾನೆ, ಆಸೆ ಇಟ್ಟುಕೊಂಡಿದ್ದಾನೆ. ಅಮ್ಮ ಬೇಡ ಎನ್ನುವುದು ಹೇಗೆ?

ಸಾಮಾನ್ಯವಾಗಿ ಹೆತ್ತವರು ಹೋಗಿಬರುವುದು ಬೇಸಿಗೆಯಲ್ಲಿ, ಇಲ್ಲವೇ ಬಾಣಂತನಕ್ಕೆ. ಆಗ ಮೊಮ್ಮಗು ತೊಡೆಯ ಮೇಲಿರುತ್ತದೆ, ಸಂಜೆ ಎಂಟರವರೆಗೆ ಬೆಳಕಿರುತ್ತದೆ, ಪಾರ್ಕಿನಲ್ಲಿ ತಿರುಗಾಡಬಹುದು. ಷಿಕಾಗೊದ ಜನವರಿಯನ್ನು ಅವರು ಕಂಡಿರುವುದಿಲ್ಲ. ಐದು ಗಂಟೆಗೇ ಕತ್ತಲು, ಹೊರಗೆ ಹಿಮ, ಮಗ ಸೊಸೆ ಆಫೀಸಿಗೆ, ಮಗು ಶಾಲೆಗೆ. ಕಾರು ಓಡಿಸಲು ಬಾರದವರಿಗೆ ಅಂಗಡಿಯೂ ದೂರ, ದೇವಸ್ಥಾನವೂ ದೂರ. ಆದ್ದರಿಂದ ಅರ್ಜಿಗೆ ಮೊದಲು ಒಂದು ಚಳಿಗಾಲಕ್ಕೆ ಅವರನ್ನು ಕರೆಸಿಕೊಳ್ಳಿ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಹೋಗಿ ಬಂದು ಇರುವುದೇ ಅವರಿಗೆ ಇಷ್ಟವಾದರೆ ಆ ವೀಸಾವೇ ಸರಿ. ಗ್ರೀನ್ ಕಾರ್ಡ್ ಅಲ್ಲೇ ನೆಲೆಸುವವರಿಗಾಗಿ ಇರುವುದು. ಅನುಮತಿಯಿಲ್ಲದೆ ವರ್ಷ ಮೀರಿ ಊರಿನಲ್ಲಿದ್ದರೆ ಬರೀ ಆ ಕಾರ್ಡು ತೋರಿಸಿ ಒಳಗೆ ಹೋಗಲಾಗುವುದಿಲ್ಲ. 65 ದಾಟಿದವರೂ ದುಡ್ಡು ಕೊಟ್ಟು ಮೆಡಿಕೇರ್ ಪಡೆಯಬೇಕಾದರೆ ಮೊದಲು ಅಲ್ಲಿ 5 ವರ್ಷ ನಿರಂತರ ವಾಸವಾಗಿರಬೇಕು. ಅಲ್ಲಿಯವರೆಗೆ ಬೇರೆ ವಿಮೆಯ ಖರ್ಚು ಮಕ್ಕಳ ತಲೆಯ ಮೇಲೆ.

ಅಪ್ಪ ತೀರಿಕೊಂಡು ಅಮ್ಮ ಒಬ್ಬಳೇ ಉಳಿದಿದ್ದರೆ ನನ್ನ ಮಾತು ಬೇರೆ. ಆಗ ತಡಮಾಡಬೇಡಿ, ಅವಳು ಒಪ್ಪಿದರೆ ಕರೆದುಕೊಂಡು ಹೋಗಿ. ಅಲ್ಲಿ ತಲುಪಿದ ಮೇಲೆ ಮರುಪ್ರವೇಶದ ಅನುಮತಿಗೆ ಅರ್ಜಿ ಹಾಕಿ, ಅದು ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ. ಅಲ್ಲಿ ಹಿಡಿಸದಿದ್ದರೆ ಅಷ್ಟರೊಳಗೆ ಅವಳು ಊರಿಗೆ ಬಂದು ಇದ್ದು ಯೋಚಿಸಬಹುದು. ಅಲ್ಲಿಯತನಕ ಊರಿನ ಮನೆಯನ್ನು ಬಾಡಿಗೆಗೂ ಕೊಡಬೇಡಿ, ಮಾರಲೂ ಬೇಡಿ.