ಆಕಾಶದ ಒಡೆತನ ಮತ್ತು ತರಂಗದ ಪರವಾನಗಿ

ಶಬ್ದವನ್ನು ಗುಣವಾಗಿ ಉಳ್ಳ ಆಕಾಶವು ಒಂದೇ, ನಿತ್ಯವೂ ಸರ್ವವ್ಯಾಪಿಯೂ ಆದ ದ್ರವ್ಯವೆಂದು ವೈಶೇಷಿಕ ದರ್ಶನವು ಹೇಳುವುದರಿಂದ, ಅದನ್ನು ತುಂಡರಿಸಿ ಒಬ್ಬರಿಗೆ ಕೊಡುವುದು ಆ ದೃಷ್ಟಿಯಲ್ಲಿ ಅಸಂಭವ. ಆದರೂ ಭಾರತದಲ್ಲಿ ಕಾರ್ಖಾನೆಯೊಂದು ತನ್ನ ಸಿಬ್ಬಂದಿಗಾಗಿ ವಾಕಿಟಾಕಿ ಜಾಲವನ್ನು ಸ್ಥಾಪಿಸಬೇಕಾದರೆ, ಸಾಮಾನ್ಯವಾಗಿ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದಿಂದ ನಿರ್ದಿಷ್ಟ ಆವರ್ತನವನ್ನು, ಅಂದರೆ ತರಂಗವು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬ ಸಂಖ್ಯೆಯನ್ನು, ಹಂಚಿಕೆಯಾಗಿ ಪಡೆದು ಅದಕ್ಕೆ ರಾಜಧನ ಕಟ್ಟಬೇಕಾಗುತ್ತದೆ. ಹಾಗಾದರೆ ಮಾರಾಟವಾಗುವುದು ಏನು?

ಅದ್ವೈತಿಗಳು ಈ ಬಗೆಯ ತೊಡಕಿಗೆ ಉಪಾಧಿಯ, ಅಂದರೆ ಭೇದವಿಲ್ಲದಲ್ಲಿ ಭೇದವನ್ನು ತೋರಿಸುವ ಮಿತಿಯ, ಪರಿಕಲ್ಪನೆಯನ್ನು ಬಳಸುತ್ತಾರೆ; ಮಡಕೆಯೊಳಗಿನ ಆಕಾಶವು ಬೇರೆಯೆಂದು ತೋರಿದರೂ ಬೇರೆಯಾಗಿರುವುದಿಲ್ಲ. ಪರವಾನಗಿಯೂ ಇಂಥದೊಂದು ಉಪಾಧಿಯೇ. (ಋಷಿಗಳಿಗೆ ರೇಡಿಯೊ ತಿಳಿದಿತ್ತೆಂಬ ಉತ್ಸಾಹಕ್ಕೆ ಇಲ್ಲಿ ಅವಕಾಶವಿಲ್ಲ; ವಿದ್ಯುತ್ಕಾಂತ ತರಂಗವು ಶಬ್ದವಲ್ಲ, ಅದಕ್ಕೆ ಮಾಧ್ಯಮವೂ ಬೇಕಿಲ್ಲ.) ಒಂದೇ ಪ್ರದೇಶದಲ್ಲಿ ಒಂದೇ ಆವರ್ತನದಲ್ಲಿ ಇಬ್ಬರು ಮಾತನಾಡಿದರೆ ಇಬ್ಬರ ಮಾತೂ ಕೆಡುವುದರಿಂದ, ನಿರ್ಬಂಧವಿರುವುದು ವಸ್ತುವಿನ ಮೇಲಲ್ಲ, ಪರಸ್ಪರ ಅಡಚಣೆಯ ಮೇಲೆ.

ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಬಂಗಾಳದ ಕ್ರಿಕೆಟ್ ಸಂಘದ ಪ್ರಕರಣದಲ್ಲಿ ಹೇಳಿದಾಗ, ಸರ್ಕಾರವು ಒಡೆಯನ ಸ್ಥಾನದಿಂದ ಪಾಲಕನ ಸ್ಥಾನಕ್ಕೆ ಸರಿಯಿತೆನ್ನಬಹುದು. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಆವರ್ತನದ ಪರವಾನಗಿಯಿಂದ 2018ರಲ್ಲಿ ನೀಡಿದ ವಿನಾಯಿತಿಯು ಈ ತರ್ಕಕ್ಕೆ ಒಪ್ಪುತ್ತದೆ: ಅಡಚಣೆ ಕಡಿಮೆಯಿರುವಲ್ಲಿ ಅನುಮತಿಯ ಅಗತ್ಯವೂ ಕುಗ್ಗುತ್ತದೆ. ಆದ್ದರಿಂದ ರಾಜಧನವನ್ನು ಆಕಾಶದ ಬೆಲೆಯೆಂದು ಸಮರ್ಥಿಸಲಾಗದು. ಇತರರು ಮೌನವಾಗಿರುವುದಕ್ಕೆ ಸಲ್ಲುವ ಪರಿಹಾರವೆಂದು ಮಾತ್ರ ಸಮರ್ಥಿಸಬಹುದು.