ಹುಟ್ಟಿನ ಜೊತೆಗೇ ಬಂದ ಪಾಪ

ಮನುಷ್ಯ ಹುಟ್ಟುವಾಗಲೇ ಪಾಪಿಯೇ ಎಂದು ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಕೇಳಿದರೆ, ‘ಅದು ಕ್ರೈಸ್ತರ ನಂಬಿಕೆ, ನಮ್ಮಲ್ಲಿ ಹಾಗಿಲ್ಲ’ ಎಂದು ಮಾತು ಮುಗಿಸುವುದು ನಮ್ಮ ರೂಢಿ. ಆ ಉತ್ತರ ಅವಸರದ್ದು. ಪ್ರದಕ್ಷಿಣೆ ಹಾಕುವಾಗ ನಾವೇ ಹೇಳಿಸುವ ಶ್ಲೋಕದಲ್ಲಿ ಭಕ್ತ ತಾನು ಪಾಪದಿಂದಲೇ ಹುಟ್ಟಿದವನೆಂದು ಒಪ್ಪಿಕೊಳ್ಳುತ್ತಾನೆ. ಹಾಸನ ಜಿಲ್ಲೆಯ ನಮ್ಮ ಬಾಗೂರು ಸೀಮೆಯನ್ನೇ ನೋಡಿ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿ ಸಾವಿರ ವರ್ಷ ದಾಟಿತು. ಅಲ್ಲಿನ ಜೈನಧರ್ಮ ಜೀವಕ್ಕಂಟಿದ ಕರ್ಮಬಂಧ ಅನಾದಿ ಎನ್ನುತ್ತದೆ. ಕ್ರೈಸ್ತರೂ ನಮ್ಮ ಜಿಲ್ಲೆಗೆ ಹೊಸಬರಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಆದರೂ ಮೂರು ಮಾತೂ ಒಂದೇ ಎಂದರೆ ತಪ್ಪಾಗುತ್ತದೆ. ಜೈನನಿಗೆ ಕರ್ಮ ತನ್ನದೇ ಗಳಿಕೆ, ತಪಸ್ಸಿನಿಂದ ತಾನೇ ಕಳೆದುಕೊಳ್ಳಬೇಕು. ಕ್ರೈಸ್ತನಿಗೆ ಪಾಪ ಆದಾಮನಿಂದ ಬಂದದ್ದು. ಅದರ ಫಲ ಸಾವು, ದೇವರಿಂದ ದೂರವಾಗುವುದು. ಬಿಡುಗಡೆ ಕೃಪೆಯಿಂದ ಮಾತ್ರ.

ಹುಟ್ಟಿನಿಂದಲೇ ಪಾಪಿ ಎಂಬ ಈ ಮಾತಿಗೆ ದೊಡ್ಡ ಆಕ್ಷೇಪವನ್ನು ವಿವೇಕಾನಂದರೇ 1893ರಲ್ಲಿ ಶಿಕಾಗೋದಲ್ಲಿ ಎತ್ತಿದ್ದರು: ಮನುಷ್ಯನನ್ನು ಪಾಪಿ ಎಂದು ಕರೆಯುವುದೇ ಪಾಪವೆಂದರು. ಪರಾಧೀನ ಜನಕ್ಕೆ ಆ ಮಾತು ಬೆನ್ನುಮೂಳೆ ಕೊಟ್ಟಿತು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಬೈಬಲ್ಲಿನ ಮೊದಲ ಅಧ್ಯಾಯ ಮನುಷ್ಯನನ್ನು ದೇವರ ಹೋಲಿಕೆಯಲ್ಲಿ ಸೃಷ್ಟಿಸಿದ್ದನ್ನು ಹೇಳುತ್ತದೆ. ಆದಾಮನ ಪತನದ ಕಥೆ ಬರುವುದು ಆಮೇಲೆ. ಘನತೆ ಮೊದಲು, ಪಾಪ ನಂತರ. ಹಸುಗೂಸು ಮಾಡಿದ ತಪ್ಪೇನು ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ಆದಾಮನ ಅಪರಾಧದಲ್ಲಿ ಕೂಸಿಗೂ ಪಾಲುಂಟೆಂದು ಐದನೇ ಶತಮಾನದಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ವಾದಿಸಿದ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಅಪರಾಧ ವಂಶದಿಂದ ಬರುವುದನ್ನು ಒಪ್ಪದೆ, ಸಾವಿಗೆ ಒಳಗಾದ ಕೆಟ್ಟ ಸ್ಥಿತಿ ಮಾತ್ರ ಬರುತ್ತದೆ ಎಂದವು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ತಾನು ಮಾಡದ ತಪ್ಪಿಗೆ ಮಗುವನ್ನು ದೂರುವುದು ನ್ಯಾಯವಲ್ಲ. ಆದರೆ ಯಾರೋ ಮಾಡಿದ ತಪ್ಪಿನೊಳಗೇ ಮಗು ಹುಟ್ಟುತ್ತದೆ ಎಂಬುದು ಕಣ್ಣೆದುರಿನ ಸತ್ಯ.

ಅದಕ್ಕೆ ಸಾಕ್ಷಿ ಬೇಕಿದ್ದರೆ ಜಾತಿಯಿದೆ. ಅದನ್ನು ಕಟ್ಟಿದವರು ನಾವಲ್ಲ, ಆದರೂ ಅದರ ಲಾಭವೋ ಗಾಯವೋ ಹುಟ್ಟಿನೊಂದಿಗೇ ಮೈಗೆ ಹತ್ತುತ್ತದೆ. ವಿಮಾನ ಹತ್ತಿದರೂ ಅದು ಬಿಡಲಿಲ್ಲ. 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ‘ನಾನೇನೂ ಮಾಡಿಲ್ಲ’ ಎಂಬ ಮಾತಿನಿಂದ ಅದು ಅಳಿಯುವುದಿಲ್ಲ. ಇಂಥ ಬಳುವಳಿಗೆ ಹೆಸರಿಟ್ಟು, ಒಬ್ಬರನ್ನೂ ಬಿಡದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಸಿದ್ಧಾಂತವನ್ನು ಪರಕೀಯವೆಂದು ತಳ್ಳಬಾರದು. ಒಪ್ಪುವುದು, ಬಿಡುವುದು ಅವರವರ ನಂಬಿಕೆ. ಮಕ್ಕಳು ಇನ್ನೊಮ್ಮೆ ಕೇಳಿದಾಗ ದಯವಿಟ್ಟು ಜೊತೆಯಲ್ಲಿ ಕುಳಿತು, ಗೊಮ್ಮಟನ ಬೆಟ್ಟದ ಮಾತನ್ನೂ ಶೆಟ್ಟಿಹಳ್ಳಿಯ ಮಾತನ್ನೂ ಪೂರ್ತಿಯಾಗಿ ಹೇಳಿ.